ತೊಟ್ಟಿಲ ಪಕ್ಕದ ಬಾಯಿಪಾಠ

ಮಾರ್ಚ್ 3, ಬೆಳಿಗ್ಗೆ
ಪಾಪು ಹಾಲು ಕುಡಿದು ಮಲಗಿದೆ. ಎದೆ ಮೇಲೆ ಕೈ ಇಟ್ಟು ನೋಡಿದೆ. ಉಸಿರು ಸರಿ ಇದೆ. ಮತ್ತೆ ಸ್ಪ್ಯಾನಿಷ್. ಸಬ್‌ಜಂಕ್ಟಿವ್‌ನ ಭೂತಕಾಲ — ನಡೆದದ್ದನ್ನು ಹೇಳಲಿಕ್ಕಲ್ಲ, ನಡೆದೀತೆಂದು ಹೆದರಿದ್ದನ್ನು ಹೇಳಲಿಕ್ಕೆ. ನನಗೆಂದೇ ಮಾಡಿಟ್ಟ ಹಾಗಿದೆ. 'ಮಾತಾಡಿದರು', ಅಬ್ಲಾರೋನ್. ಬಾಲದ 'ರೋನ್' ಕತ್ತರಿಸಿ 'ರಾ' ಅಂಟಿಸಿದರೆ ಅಬ್ಲಾರಾ. 'ತಿಂದರು', ಕೊಮಿಯೆರೋನ್, ಕೊಮಿಯೆರಾ. ರೆಗ್ಯುಲರ್ ಕ್ರಿಯಾಪದಗಳು ಕೈಕೊಡುವುದಿಲ್ಲ. ಅಷ್ಟಾದರೂ ಇದೆಯಲ್ಲ.

ಮಾರ್ಚ್ 4
ಆನ್‌ಲೈನ್ ಪರೀಕ್ಷೆ ಹನ್ನೆರಡನೇ ತಾರೀಕು. ಪಾಸಾದರೆ ಮನೆಯಿಂದಲೇ ಅನುವಾದದ ಕೆಲಸ. ಇಲ್ಲವಾದರೆ ಮುಂದಿನ ತಿಂಗಳಿಂದ ಆಫೀಸು, ಪಾಪು ಬೇಬಿ ಸಿಟ್ಟಿಂಗಿಗೆ. ಅಷ್ಟು ಮಕ್ಕಳ ನಡುವೆ ಇದರ ಉಸಿರು ಯಾರು ನೋಡುತ್ತಾರೆ? ಹುಟ್ಟಿದ ವಾರ ಆಸ್ಪತ್ರೆಯಲ್ಲಿ ಒಮ್ಮೆ ನಿಂತಿತ್ತು. ತುಟಿಯೆಲ್ಲ ನೀಲಿ. ಈಗ ಏನೂ ತೊಂದರೆ ಇಲ್ಲ ಅಂದರು ಡಾಕ್ಟರ್. ಅಂದರು, ಅಷ್ಟೆ.

ಮಾರ್ಚ್ 5, ಮಧ್ಯಾಹ್ನ
ತೊಟ್ಟಿಲು ತೂಗುತ್ತಾ ಬಾಯಿಪಾಠ. ರೆಸ್ಪಿರಾರಾ, ರೆಸ್ಪಿರಾರಾಸ್... ಉಸಿರಾಡುವ ಪದವನ್ನೇ ಯಾಕೆ ಹಿಡಿದುಕೊಂಡೆನೋ. ಪಾಪು ಕಣ್ಣು ಮುಚ್ಚಿತು.
ಬಾಗಿಲಲ್ಲಿ ಅತ್ತೆ. "ಏನಮ್ಮಾ ಇದು, ಜೋಗುಳಾನೋ ಮಾಟಾನೋ?"
ಒಳಗಿಂದ ಇವರು, "ಅಮ್ಮಾ, ನಿನ್ ಮೊಮ್ಮಗಳು ನಿನ್ನ ಸ್ಪ್ಯಾನಿಷ್‌ನಲ್ಲೇ ಬೈಯೋದು, ನೋಡ್ತಿರು."
"ಬೈಲಿ ಬಿಡೋ. ಅರ್ಥ ಆಗೋ ಭಾಷೇಲಿ ನಿನ್ ಕೈಲಿ ಬೈಸ್ಕೊಂಡು ಸಾಕಾಗಿದೆ."
ನಗು ಬಂತು. ನಗುವಾಗಲೂ ಕಿವಿ ತೊಟ್ಟಿಲ ಕಡೆಗೇ.

ಮಾರ್ಚ್ 9
ನಿದ್ದೆ ಇಲ್ಲ. ಪಾಪುವಿಗೂ ಇಲ್ಲ. ಈಗ ಮಲಗಿ ಈಗ ಬೆಚ್ಚಿ ಏಳುತ್ತದೆ. ಹೊಟ್ಟೆನೋವಾ? ಅಥವಾ ಉಸಿರೇ ಸಿಕ್ಕಿಕೊಂಡು... ಬರೆಯುವುದಿಲ್ಲ.
ಸ್ಪ್ಯಾನಿಷ್ ಟೀಚರ್ ಕೊಟ್ಟ ಹೋಂವರ್ಕ್: 'ನನಗೆ ಹೆದರಿಕೆಯಾಗಿತ್ತು' ಎಂದು ಶುರುವಾಗುವ ಐದು ವಾಕ್ಯ. ನೋಡಿದರೆ ಐದೂ ಒಂದೇ.

ಮಾರ್ಚ್ 12, ಸಂಜೆ
ಪರೀಕ್ಷೆ ಮುಗಿಯಿತು. ಬಾಗಿಲು ಹಾಕಿಕೊಂಡು ಕೂತಿದ್ದೆ. ಪಾಪು ಅತ್ತೆಯ ಹತ್ತಿರ. ಮಲಗಿಸಲಿಕ್ಕೆ ನನ್ನ ಬಾಯಿಪಾಠ ಅವರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟಿದ್ದೆ. ಹೊರಗೆ ಸದ್ದೇ ಇಲ್ಲ. ಓರಲ್‌ನಲ್ಲಿ ಮಾತಿನ ನಡುವೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮುಗಿದದ್ದೇ ಓಡಿದೆ.
ಮಲಗಿತ್ತು. ಫೋನ್ ಮೂಲೆಯಲ್ಲಿತ್ತು. ಅತ್ತೆ ತಾವೇ ಗುನುಗುತ್ತಿದ್ದರು — ನನ್ನ ಪದಗಳನ್ನೇ, ತಪ್ಪುತಪ್ಪಾಗಿ, ಎಡೆಬಿಡದೆ.
"ನಿನ್ ರೆಕಾರ್ಡು ಆಗ್ಬರಲಿಲ್ಲ ಕಣೇ. ಮಧ್ಯ ಮಧ್ಯ ಸುಮ್ನಾಗ್ಬಿಡ್ತೀಯ. ನೀನು ಸುಮ್ನಾದಾಗೆಲ್ಲ ಇದು ಕಣ್ಣು ಬಿಡುತ್ತೆ. ಯಾಕೆ ನಿಲ್ಲಿಸ್ತೀಯ?"
ಉಸಿರು ಕೇಳಿಸಿಕೊಳ್ಳಲಿಕ್ಕೆ. ಪಾಪುವಿನ ಎದೆ ಮೇಲೆ ಕೈ ಇಟ್ಟೆ.

ಮಾರ್ಚ್ 16
ರಿಸಲ್ಟ್ ಬಂತು. ವ್ಯಾಕರಣ ಚೆನ್ನಾಗಿದೆಯಂತೆ. 'ಮಾತಿನ ನಡುವೆ ದೀರ್ಘ ಮೌನ.' ಓರಲ್ ಮಾತ್ರ ಇಪ್ಪತ್ತನೇ ತಾರೀಕು ಇನ್ನೊಮ್ಮೆ. ಅದೂ ಹೋದರೆ ಬೇಬಿ ಸಿಟ್ಟಿಂಗ್.

ಮಾರ್ಚ್ 17, ಮಧ್ಯಾಹ್ನ
ತೊಟ್ಟಿಲಿಗೆ ಬೆನ್ನು ಹಾಕಿ ಕೂತಿದ್ದೇನೆ. ಬಾಯಿಪಾಠ ಹೇಳುತ್ತಲೇ ಬರೆಯುತ್ತಿದ್ದೇನೆ. ಕೈ ಖಾಲಿ ಇದ್ದರೆ ಅದರ ಎದೆ ಮುಟ್ಟಲಿಕ್ಕೆ ಹೋಗುತ್ತದೆ. ನಿಲ್ಲಿಸಬಾರದು. ಓರಲ್‌ಗೂ ಇದೇ ಅಭ್ಯಾಸ, ನಿಲ್ಲಿಸಿದರೆ ಪಾಪುವೂ ಏಳುತ್ತದೆ. ಅಬ್ಲಾರಾ, ಕೊಮಿಯೆರಾ ಆಯಿತು. ಪಾಪು ಎದ್ದಿಲ್ಲ. ಇಷ್ಟು ಹೊತ್ತು ಯಾವತ್ತೂ ಮಲಗಿದ್ದಿಲ್ಲ. ಇಷ್ಟು ಹೊತ್ತು... ಇಲ್ಲ, ತಿರುಗುವುದಿಲ್ಲ. ರೆಸ್ಪಿರಾರಾ, ರೆಸ್ಪಿರಾರಾಸ್, ರೆಸ್ಪಿ—