ಎರಡನೆಯ ಕಪ್

ನವೆಂಬರ್ 4, ಸೋಮವಾರ. ಬೆಳಿಗ್ಗೆ 7.50

ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸಿಗೆ ಹನ್ನೆರಡರಲ್ಲಿ ಒಂಬತ್ತು ಮಂದಿ. ಮಂಜು ಬಿಟ್ಟಿರಲಿಲ್ಲ, ಕೋರ್ಟು ಜಾರುತ್ತಿತ್ತು. ಲೇ-ಅಪ್ ಇಪ್ಪತ್ತು, ಫ್ರೀ ಥ್ರೋ ಹತ್ತು. ಬಿಳಗಿಯ ಹುಡುಗಿ ಸಮೃದ್ಧಿ ಹತ್ತಕ್ಕೆ ಒಂಬತ್ತು ಹಾಕಿದಳು. ಬಿ.ಎ. ಮೊದಲ ವರ್ಷ. ಕೈಗೆ ಚೆಂಡು ಬಂದರೆ ಬಿಡುವುದಿಲ್ಲ. ಬಿಡದೆ ಬುಟ್ಟಿಗೂ ಹಾಕುತ್ತಾಳೆ, ಅದೇ ತೊಂದರೆ. ಉಳಿದವರ ಮುಖ ನೋಡಿದೆ. ಆ ಮುಖಗಳ ಪರಿಚಯ ನನಗಿದೆ.

ಶನಿವಾರ ಪ್ರಿನ್ಸಿಪಾಲರು ಕರೆಸಿದ್ದರು. ಕಾಲೇಜಿಗೆ ಐವತ್ತು ತುಂಬಿತು. ಡಿಸೆಂಬರ್ 14ಕ್ಕೆ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್ ಕಪ್ ನಮಗೆ ಬಂದದ್ದು ಎರಡೇ ಸಲ, 2011 ಮತ್ತು 2012. ಎರಡೂ ಹುಡುಗಿಯರ ತಂಡ. ಎರಡರಲ್ಲೂ ನಾನಿದ್ದೆ, ಎರಡನೆಯದರಲ್ಲಿ ಕ್ಯಾಪ್ಟನ್. ಈಗ ಯಾವ ತಂಡ ದೊಡ್ಡದು ಎಂದು ವೇದಿಕೆಯ ಮೇಲೆ ಚರ್ಚೆಯಂತೆ. ‘ಪ್ರತಿಭೆಯೋ, ತಂಡವೋ?’ — ಬ್ಯಾನರ್ ಆಗಲೇ ಪ್ರಿಂಟಿಗೆ ಹೋಗಿದೆ.

“ತಂಡದ ಪರ ನೀವೇ ಮಾತಾಡಿ ಮೇಡಂ. ಇಲ್ಲೇ ಆಡಿ, ಇಲ್ಲೇ ಪಿ.ಇ. ಟೀಚರ್ ಆದವರು. ನಿಮ್ಮನ್ನ ಬಿಟ್ಟು ಇನ್ಯಾರು?”

ಆಯ್ತು ಸರ್ ಎಂದೆ.

ನವೆಂಬರ್ 7, ಗುರುವಾರ. ಮಧ್ಯಾಹ್ನ

ರಾಘು ವಾಟ್ಸ್ಆ್ಯಪ್ ಗ್ರೂಪ್ ಮಾಡಿದ್ದಾನೆ. ನಮ್ಮ ಬ್ಯಾಚಿನವನು, ಈಗ ಹಳೆಯ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಬೆಳಿಗ್ಗೆಯಿಂದ ವಾದ ನಡೆದಿದೆ. 2011ರ ಫೈನಲ್ 52–47, ಅದರಲ್ಲಿ ಜೊಹರಾ ಒಬ್ಬಳದೇ 31. 2012ರ ಫೈನಲ್ 44–41. ಯಾರದೂ ಹನ್ನೊಂದು ದಾಟಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ. “ಸ್ಟಾರ್ ಇರ್ಲಿಲ್ಲ, ಕಪ್ ಬಂತು. ಇನ್ನೇನು ಸಾಕ್ಷಿ ಬೇಕು?” ಎಂದು ರಾಘು ಬರೆದ. ನಲವತ್ತು ಜನ ಹೆಬ್ಬೆರಳು ಒತ್ತಿದರು.

ಅವನಿಗೆ ಅಂಕಿಗಳಷ್ಟೇ ಗೊತ್ತು. 2011ರಲ್ಲಿ ನಾನು ಹಾಕಿದ್ದು ಒಂಬತ್ತು. ಒಂಬತ್ತೂ ಪುಕ್ಕಟೆ. ಜೊಹರಾಳ ಮೇಲೆ ಇಬ್ಬರು ಬೀಳುತ್ತಿದ್ದರು, ಬುಟ್ಟಿಯ ಕೆಳಗೆ ನಾನು ಒಬ್ಬಳೇ ಖಾಲಿ ನಿಂತಿರುತ್ತಿದ್ದೆ. ಅವಳು ನೋಡದೆಯೇ ಚೆಂಡು ಕಳಿಸುತ್ತಿದ್ದಳು. ಮಾರನೆಯ ದಿನದ ಪೇಪರಿನಲ್ಲಿ ‘ಜೊಹರಾ ತಂಡಕ್ಕೆ ಕಪ್’. ಕಾಲೇಜಿನ ಹೆಸರು ಎರಡನೆಯ ಸಾಲಿನಲ್ಲಿ. ನಮ್ಮ ಹೆಸರು ಇರಲೇ ಇಲ್ಲ.

ಫೋನ್ ಇಟ್ಟು ಸ್ಟೋರಿಗೆ ಹೋಗಿ ಚೆಂಡುಗಳಿಗೆ ಗಾಳಿ ತುಂಬಿದೆ.

ನವೆಂಬರ್ 9, ಶನಿವಾರ. ಸಂಜೆ 5

ನಮ್ಮ ಜೊತೆ ಆಡಿದ ಹೊನ್ನಿ ಗ್ರೂಪಿಗೆ ಹಳೆಯ ಫೋಟೊ ಹಾಕಿದ್ದಾಳೆ. 2012ರ ತಂಡ, ಧಾರವಾಡಕ್ಕೆ ಹೋಗುವಾಗ ಕಲಘಟಗಿಯ ಚಹಾ ಅಂಗಡಿಯ ಮುಂದೆ. ಹಿಂದೆ ನಮ್ಮ ಟ್ರ್ಯಾಕ್ಸ್ ಗಾಡಿ. ನಾನು ಗ್ಲಾಸ್ ಎತ್ತಿ ನಗುತ್ತಿದ್ದೇನೆ. ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ಕೇಸರಿ ಅಂಕಿ — 17-2-2012, 07:05.

ಅದಕ್ಕೂ ಸ್ವಲ್ಪ ಮುಂಚೆ, ಮೂರೂವರೆಗೆ, ರಾಘು ಜೊಹರಾಳನ್ನು ಗ್ರೂಪಿಗೆ ಸೇರಿಸಿದ್ದ.

ನಾಲ್ಕಕ್ಕೆ ಅವಳು ಬರೆದಳು: “ಎಲ್ಲರಿಗೂ ಸಲಾಂ. ಪ್ರತಿಭೆ ಪರ ನಾನು ಮಾತಾಡ್ತೀನಿ, ರಾಘು.” ಎಲ್ಲರೂ ಹೂವು, ಚಪ್ಪಾಳೆ.

ನಾಲ್ಕೂ ಹತ್ತಕ್ಕೆ ಇನ್ನೊಂದು: “ಈ ಕ್ಯಾಮೆರಾದ ಟೈಮ್ ಸರಿ ಇತ್ತಾ ಹೊನ್ನಿ?”

“ಸರಿ ಇತ್ತು, ಅಣ್ಣಂದು ಹೊಸ ಕ್ಯಾಮೆರಾ,” ಎಂದು ಹೊನ್ನಿ. ಪಾಪ, ಯೋಚಿಸಲೇ ಇಲ್ಲ.

ಮುಕ್ಕಾಲು ಗಂಟೆಯಿಂದ ಫೋನ್ ಮಗುಚಿ ಇಟ್ಟಿದ್ದೇನೆ.

ನವೆಂಬರ್ 10, ಭಾನುವಾರ. ಬೆಳಿಗ್ಗೆ 11

ಭೂಮಿಕಾ ಬಂದಿದ್ದಳು, ಅವಳೂ 2012ರ ತಂಡದವಳು. ಹೇರೂರಿನವಳು, ಈಗ ಸಿದ್ದಾಪುರದಲ್ಲಿ ಹೈಸ್ಕೂಲ್ ಟೀಚರ್. ಗಂಡನನ್ನು ಕಾರಿನಲ್ಲೇ ಕೂರಿಸಿ ಒಳಗೆ ಬಂದಳು.

“ಹನ್ನೆರಡು ವರ್ಷ ಆತು. ಈಗ ಎಂತಕೆ ಅದೆಲ್ಲ? ಕ್ಯಾಮೆರಾದ ಟೈಮು ಸರಿ ಇತ್ತಿಲ್ಲೆ ಹೇಳಿ ಹೇಳ್ದ್ರೆ ಮುಗತ್ತು. ನೀ ಎಂತದೂ ಹೇಳಡ.”

“ಜೊಹರಾಗೆ ಗೊತ್ತಾಯ್ದು.”

“ಎಂತ ಗೊತ್ತಾಗದು? ನಂಗಕ್ಕೇ ನೆನಪಿಲ್ಲೆ.”

ನನಗೆ ನೆನಪಿದೆ. ಎಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ.

ಫೆಬ್ರವರಿ 16, 2012. ಕ್ಯಾಂಟೀನಿನಲ್ಲಿ ನಾವು ನಾಲ್ವರು — ನಾನು, ಭೂಮಿಕಾ, ಹೊನ್ನಿ, ಸೌಮ್ಯ. ಮಾರನೆಯ ದಿನ ಧಾರವಾಡದಲ್ಲಿ ಲೀಗ್ ಮ್ಯಾಚು. ಜೊಹರಾ ಯಲ್ಲಾಪುರದವಳು, ಶಿರಸಿಯಿಂದ ಹೋಗುವ ಗಾಡಿ ಅವಳನ್ನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಸಿಕೊಳ್ಳಬೇಕಿತ್ತು. ಬೆಳಿಗ್ಗೆ ಆರಕ್ಕೆ. ಒಂದು ಮ್ಯಾಚು ಅವಳಿಲ್ಲದೆ ಆಡಿ ತೋರಿಸೋಣ ಎಂದು ಮಾತಾಯಿತು. ಒಂದೇ ಒಂದು. ಯಾರು ಮೊದಲು ಹೇಳಿದ್ದು — ಅದು ಮಾತ್ರ ನಿಜವಾಗಿಯೂ ನೆನಪಿಲ್ಲ. ಫೋನ್ ಮಾಡಿದ್ದು ನಾನು. ಕ್ಯಾಪ್ಟನ್ ಹೇಳಿದರೆ ನಂಬುತ್ತಾಳೆ ಎಂದು. “ಗಾಡಿ ಏಳಕ್ಕೆ ಬರ್ತದೆ” ಎಂದೆ.

ಬೆಳಿಗ್ಗೆ ಆರಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಕೋಚ್ ಇಳಿದು ಹುಡುಕಿದರು. “ಅವ್ಳು ಹುಬ್ಬಳ್ಳಿ ಮಾವನ ಮನೇಲಿ ಇದ್ದಾಳೆ ಸರ್, ಅಲ್ಲಿಂದ್ಲೇ ಬರ್ತಾಳೆ” ಎಂದೆ. ಗಾಡಿ ಹೊರಟಿತು. ನನ್ನ ಫೋನ್ ಆಫ್ ಮಾಡಿದೆ. ಉಳಿದ ಮೂವರೂ ಮಾಡಿದರು; ಕೋಚ್ ಹತ್ತಿರ ಮೊಬೈಲೇ ಇರಲಿಲ್ಲ.

ಜೊಹರಾ ಏಳೂವರೆಯವರೆಗೆ ಕಾದು, ತನ್ನ ಅಣ್ಣ ಜಹೀರನ ಬೈಕಿನಲ್ಲಿ ನಮ್ಮ ಹಿಂದೆ ಬಂದಳು. ಕಿರವತ್ತಿಯ ಹತ್ತಿರ ಲಾರಿ. ಜಹೀರ್ ರಸ್ತೆಯಾಚೆ ಬಿದ್ದ, ಕೈಕಾಲು ತರಚಿತು. ಜೊಹರಾಳ ಎಡಮಂಡಿ ಪುಡಿಪುಡಿ. ಯೂನಿವರ್ಸಿಟಿ ತಂಡಕ್ಕೆ ಅವಳ ಹೆಸರು ಆಗಲೇ ಹೋಗಿತ್ತು.

ನಮಗೆ ತಿಳಿದದ್ದು ಮ್ಯಾಚು ಗೆದ್ದ ಮೇಲೆ. ಬಾತ್‌ರೂಮಿನಲ್ಲಿ ನಾಲ್ವರೂ ಕೈ ಹಿಡಿದುಕೊಂಡು ನಿಂತೆವು. ಯಾರಿಗೂ ಹೇಳಬಾರದು; ಕೋಚ್ ಕೇಳಿದರೆ ಅವಳು ರಾತ್ರಿಯೇ ಹುಬ್ಬಳ್ಳಿಯಿಂದ ಊರಿಗೆ ಬಂದಿದ್ದಳಂತೆ ಎನ್ನುವುದು. ಆಮೇಲೆ ಮೂರು ಮ್ಯಾಚು ಹುಚ್ಚು ಹಿಡಿದವರ ಹಾಗೆ ಆಡಿದೆವು. ಕಪ್ ಜೊಹರಾಗೆ ಅರ್ಪಣೆ ಎಂದರು ಕೋಚ್. ಅತ್ತರು. ನಾವೂ ಅತ್ತೆವು.

ಇದೇ ಆ ತಂಡ. ಇದರ ಪರ ನಾನು ಮಾತಾಡಬೇಕು.

ನವೆಂಬರ್ 25, ಸೋಮವಾರ. ಬೆಳಿಗ್ಗೆ 8.15

ಹದಿನೈದು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಇವತ್ತು ಪ್ರಾಕ್ಟೀಸಿಗೆ ಹನ್ನೊಂದು ಮಂದಿ. ಸಮೃದ್ಧಿ ಇಲ್ಲ. ಏಳೂವರೆಗೆ ಓಡಿಕೊಂಡು ಬಂದಳು, ಎಲ್ಲರೂ ಬೂಟು ಬಿಚ್ಚುತ್ತಿದ್ದಾಗ.

“ಇವತ್ತು ಏಳೂವರೆಗೆ ಅಂದ್ರು ಮೇಡಂ.”

“ಯಾರು?”

ಅವಳು ಕ್ಯಾಪ್ಟನ್ ನಗ್ಮಾಳ ಕಡೆ ನೋಡಿದಳು. ನಗ್ಮಾ ಲೇಸು ಬಿಚ್ಚುತ್ತಲೇ ಇದ್ದಳು. ಉಳಿದ ಹತ್ತು ಜನ ನೆಲ ನೋಡಿದರು. ಒಬ್ಬಳೂ ತಲೆ ಎತ್ತಲಿಲ್ಲ. ಎಷ್ಟು ಚೆನ್ನಾಗಿ ಒಂದಾಗಿದ್ದಾರೆ.

ಬೈಯಬೇಕಿತ್ತು. ಬಾಯಿ ತೆರೆದೆ, ನನ್ನದೇ ಹಳೆಯ ದನಿ ಕೇಳಿಸಿತು — ಗಾಡಿ ಏಳಕ್ಕೆ ಬರ್ತದೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಹುಡುಗಿಯರು ಹೆದರಿ ನೀರು ತಂದರು.

ಭಾನುವಾರ ಯಲ್ಲಾಪುರಕ್ಕೆ ಹೋಗುತ್ತೇನೆ.

ಡಿಸೆಂಬರ್ 1, ಭಾನುವಾರ. ಸಂಜೆ 4, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಆದರೂ ಬರೆಯಬೇಕು.

ಜೊಹರಾ ಅಪ್ಪನ ಲಾರಿ ಆಫೀಸು ನೋಡಿಕೊಳ್ಳುತ್ತಾಳೆ. ಟೇಬಲ್ಲಿನ ಮೇಲೆ ಮೂರು ಫೋನು. ಎದ್ದು ಬಂದಳು, ಎಡಗಾಲು ಮಡಚುವುದಿಲ್ಲ, ಸೊಂಟದಿಂದ ಎಳೆದುಕೊಂಡು ನಡೆಯುತ್ತಾಳೆ. ಕೋರ್ಟಿನಲ್ಲಿ ಅವಳ ಹೆಜ್ಜೆಯ ಸದ್ದೇ ಕೇಳುತ್ತಿರಲಿಲ್ಲ.

“ಬಾರೇ ಗಗನಾ. ದಪ್ಪ ಆಗಿದ್ದಿ,” ಎಂದು ನಕ್ಕಳು. ಚಹಾ ತರಿಸಿದಳು.

ಗ್ಲಾಸು ಮುಟ್ಟದೆ ಎಲ್ಲಾ ಹೇಳಿದೆ. ಮಧ್ಯೆ ಎರಡು ಸಲ ಫೋನು ಬಂತು, ಅವಳು ತೆಗೆಯಲಿಲ್ಲ. ಮುಗಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು:

“ಇಲ್ಲಿಂದ ಕಲಘಟಗಿಗೆ ಒಂದು ತಾಸು. ದಿನಾ ಹತ್ತು ಲಾರಿ ಕಳಿಸ್ತೀನಿ, ನಂಗೆ ಗೊತ್ತಿಲ್ವಾ? ಏಳೂ ಐದಕ್ಕೆ ನೀವು ಅಲ್ಲಿ ಚಾ ಕುಡೀತಿದ್ರಿ ಅಂದ್ರೆ ಆರಕ್ಕೆ ಇಲ್ಲಿಂದ ಹೋಗಿದೀರಿ. ಫೋಟೊ ನೋಡಿದ್ ದಿನಾನೇ ತಿಳೀತು. ಕೋಚ್ ಅವಸರ ಮಾಡಿ ಹತ್ತು ನಿಮಿಷ ಮುಂಚೆ ಹೊರಟ್ರು ಅಂತ ಆಸ್ಪತ್ರೇಲಿ ಹೇಳಿದ್ಯಲ್ಲ ನೀನು. ಹಣ್ಣು ಬೇರೆ ತಂದಿದ್ದಿ.”

ನಾನು ಕ್ಷಮೆ ಎಂಬ ಮಾತಿಗೆ ಬಾಯಿ ತೆಗೆದೆ. ಅವಳು ಕೈ ಎತ್ತಿ ತಡೆದಳು.

“ನಂಗೆ ಹೇಳ್ಬೇಡ. ಜಹೀರ್‌ಗೆ ಹೇಳು.”

ಜಹೀರ್ ರಸ್ತೆಯಾಚೆ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅಪ್ಪ ನೂರ್ ಅಹ್ಮದ್ ಅವರಿಗೆ ನಾಲ್ಕು ಲಾರಿ ಇದ್ದವು. ಆಕ್ಸಿಡೆಂಟಿನ ನಂತರ ಮಗನಿಗೆ ಒಂದರ ಕೀಲಿಯನ್ನೂ ಕೊಡಲಿಲ್ಲವಂತೆ. ‘ತಂಗಿಯ ಕಾಲು ಮುರಿದವನು’ ಎಂದೇ ಕರೆಯುತ್ತಿದ್ದರಂತೆ, ನೆಂಟರ ಎದುರಿಗೂ. ಮದುವೆಯ ಮಾತು ಎರಡು ಸಲ ಮುರಿಯಿತು. ಇದನ್ನೆಲ್ಲ ಜೊಹರಾ ದಾರಿ ದಾಟುವಾಗ ಹೇಳಿದಳು, ಲಾರಿಯ ಹೊತ್ತು ಹೇಳುವ ಹಾಗೆ.

ಜಹೀರ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಹೇಳಿದೆ. ಅವನು ಟ್ಯೂಬು ತಿರುಗಿಸುತ್ತಲೇ ಇದ್ದ. ಒಂದು ಸುತ್ತು, ಎರಡು ಸುತ್ತು.

“ಅಬ್ಬಾ ಹೋಗಿ ಎರಡು ವರ್ಷ ಆಯ್ತು,” ಎಂದ. “ಈಗ ಇದನ್ನ ನಾ ಯಾರಿಗೆ ಹೇಳ್ಲಿ?”

ನನ್ನ ಕಡೆ ನೋಡಲೇ ಇಲ್ಲ. ಒರೆಸುವ ಬಟ್ಟೆ ಕೈಯಲ್ಲಿ ಮುದ್ದೆಯಾಗಿತ್ತು.

ಬಸ್ ಹತ್ತಿಸುವಾಗ ಜೊಹರಾ: “ಹದಿನಾಲ್ಕಕ್ಕೆ ಬರ್ತೀನಿ. ನೀನೇ ಹೇಳ್ಬೇಕು, ಮೈಕ್ ಮುಂದೆ. ನೀ ಹೇಳ್ಲಿಲ್ಲ ಅಂದ್ರೆ ನಾ ಹೇಳ್ತೀನಿ. ಅಣ್ಣನ್ ಬಗ್ಗೆ ನಂಗೂ ಸ್ವಲ್ಪ ಹೆದ್ರಿಕೆ ಇದೆ ಗಗನಾ. ಅಷ್ಟು ಸುಮ್ನೆ ಇರೋನಲ್ಲ ಅವ್ನು.”

ಡಿಸೆಂಬರ್ 11, ಬುಧವಾರ. ರಾತ್ರಿ 9

ಮೂವರಿಗೂ ತಿಳಿಸಿದೆ — ಹದಿನಾಲ್ಕಕ್ಕೆ ಎಲ್ಲಾ ಹೇಳುತ್ತೇನೆ ಎಂದು. ಹೊನ್ನಿ ಅತ್ತಳು. ಸೌಮ್ಯ ಫೋನ್ ಇಟ್ಟಳು. ಭೂಮಿಕಾ ಸಿದ್ದಾಪುರದಿಂದ ನೇರ ಸ್ಟಾಫ್ ರೂಮಿಗೇ ಬಂದಳು. ಬಾಗಿಲು ಹಾಕಿದಳು.

“ಯನ್ನ ಮಗಳೂ ಬತ್ತು ಆ ದಿನ. ಅದ್ರ ಎದ್ರಿಗೆ ಹೇಳ್ತ್ಯನೆ?”

“ನಿನ್ನ ಹೆಸ್ರು ತೆಗೆತ್ನಿಲ್ಲೆ.”

“ತೆಗೆಯದೇ ಬ್ಯಾಡ. ಫೋನ್ ಮಾಡಿದ್ದು ನೀನು. ಕೋಚಿಗೆ ಸುಳ್ಳು ಹೇಳಿದ್ದು ನೀನು. ನಂಗ ಮೂರೂ ಜನ ಒಂದೇ ಮಾತು ಹೇಳದು — ನಂಗಕ್ಕೆ ಎಂತದೂ ಗೊತ್ತಿತ್ತಿಲ್ಲೆ. ನೆನಪಿಟ್ಗ.”

ಬಾಗಿಲ ಹತ್ತಿರ ತಿರುಗಿದಳು. ಸಿಟ್ಟಿರಲಿಲ್ಲ, ಅಂಗಲಾಚುವ ಮುಖ. “ಬ್ಯಾಡ್ದೇ ಗಗನಾ.”

ಸಂಜೆ ಮೂವರೂ ಗ್ರೂಪಿನಲ್ಲಿ ಒಂದೇ ಸಲ ಬರೆದರು: ಅಂದು ಗಾಡಿಯ ಸಮಯ ಕ್ಯಾಪ್ಟನ್ ನೋಡಿಕೊಂಡಿದ್ದರು. ಅಕ್ಷರಶಃ ಒಂದೇ. ಪಾಸ್ ಕೊಡುವುದು ಮರೆತಿಲ್ಲ, ಚೆಂಡು ನನ್ನ ಕೈಗೆ ಬಂತು.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ 9

ಹೇಳಿದೆ.

ಏಳು ನಿಮಿಷ. ಬರೆದುಕೊಂಡು ಹೋಗಿದ್ದ ಹಾಳೆ ತೆಗೆಯಲೇ ಇಲ್ಲ. ಎಲ್ಲರೂ ಸ್ಕೋರು ಹೇಳುತ್ತೀರಿ, ನಾನು ಹೊತ್ತು ಹೇಳುತ್ತೇನೆ ಎಂದು ಶುರು ಮಾಡಿದೆ. ಆರು ಗಂಟೆ, ಏಳು ಗಂಟೆ, ಏಳೂ ಐದು. ‘ನಾನು’ ಎಂದೆ, ‘ನಾವು’ ಅನ್ನಲಿಲ್ಲ. ಮೊದಮೊದಲು ಜನ ನಗುತ್ತಿದ್ದರು, ಏನೋ ತಮಾಷೆ ಬರುತ್ತದೆ ಎಂದು. ಆಮೇಲೆ ಒಬ್ಬೊಬ್ಬರಾಗಿ ಫೋನ್ ಕೆಳಗಿಟ್ಟರು. ನಮ್ಮ ಕೋಚ್ ಮುಂದಿನ ಸಾಲಿನಲ್ಲಿದ್ದರು, ಈಗ ಎಪ್ಪತ್ತು ದಾಟಿದೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನು ನೋಡಲೇ ಇಲ್ಲ. ಭೂಮಿಕಾ ಮಗಳ ಕೈ ಹಿಡಿದು ಹೊರಗೆ ಹೋದಳು.

ಜೊಹರಾಳ ಸರದಿ. ಮೈಕಿನವರೆಗೆ ನಡೆದು ಬರಲು ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಏಳುವ ಧೈರ್ಯ ಮಾಡಲಿಲ್ಲ.

“ವಾದ ತಯಾರು ಮಾಡ್ಕೊಂಡು ಬಂದಿದ್ದೆ. ಈಗ ಬೇಡ. ನನ್ನ ಅಣ್ಣನ ಹೆಸ್ರು ಜಹೀರ್. ಬೈಕ್ ಓಡಿಸ್ತಿದ್ದೋನು ಅವ್ನು. ತಪ್ಪು ಅವನ್ದಲ್ಲ. ಯಲ್ಲಾಪುರದವರು ಇಲ್ಲಿ ಎಷ್ಟು ಜನ ಇದ್ದೀರೋ, ಊರಿಗೆ ಹೋಗಿ ಹೇಳಿ.”

ಕೂತಳು. ಚಪ್ಪಾಳೆ ಇಲ್ಲ. ರಾಘು ವಂದನಾರ್ಪಣೆ ಓದಿದ, ಎರಡು ಸಲ ತಪ್ಪಿದ. ಜಹೀರ್ ಬಂದಿರಲಿಲ್ಲ.

ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಜೊಹರಾ ಹೋಗುವಾಗ ನನ್ನ ಪಕ್ಕದಲ್ಲೇ ಹಾದು ನೇರ ಗೇಟಿನ ಕಡೆ ನಡೆದಳು.

ಡಿಸೆಂಬರ್ 17, ಮಂಗಳವಾರ. ಬೆಳಿಗ್ಗೆ 10.40

ಪ್ರಿನ್ಸಿಪಾಲರ ಪತ್ರ ಬಂತು. ಆಡಳಿತ ಮಂಡಳಿಯ ತೀರ್ಮಾನ ಆಗುವವರೆಗೆ ನಾನು ಪ್ರಾಕ್ಟೀಸ್ ತೆಗೆದುಕೊಳ್ಳುವ ಹಾಗಿಲ್ಲ. ಸರಿಯೇ. ಸ್ಟೋರಿನ ಕೀಲಿ, ಚೆಂಡುಗಳು ಹದಿನಾಲ್ಕು, ಪಂಪು ಒಂದು — ಪಟ್ಟಿ ಮಾಡಿ ಕ್ಲಾರ್ಕಿಗೆ ಕೊಟ್ಟೆ.

ಒಂಬತ್ತೂ ಕಾಲಿಗೆ ಜೊಹರಾ ಫೋನ್ ಮಾಡಿದಳು. ದನಿ ಸರಿ ಇರಲಿಲ್ಲ.

“ಜಹೀರ್ ಮೊದ್ಲನೇ ಬಸ್ಸಿಗೆ ಶಿರಸಿಗೆ ಹೋಗಿದಾನಂತೆ. ಅಂಗಡಿ ತೆಗ್ದಿಲ್ಲ. ಫೋನ್ ಮನೇಲೇ ಬಿಟ್ಟಿದಾನೆ. ಅಮ್ಮಿಗೆ ‘ಬರ್ತೀನಿ’ ಅಂತ್ಲೂ ಹೇಳಿಲ್ಲ.”

“ಯಾಕೆ ಬಂದಿರಬಹುದು?”

“ಗೊತ್ತಿಲ್ಲ. ನಾನೂ ಹೊರಟೆ. ನಾ ಬರೋತನ್ಕ ನೀ ಒಳಗೇ ಇರು.”

ಸ್ಟಾಫ್ ರೂಮಿನ ಕಿಟಕಿಯಿಂದ ಜಹೀರ್ ಕಾಣುತ್ತಿದ್ದಾನೆ. ಕೋರ್ಟಿನ ಅಂಚಿನ ಕಟ್ಟೆಯ ಮೇಲೆ ಕೂತಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಲಗೈ ಜೇಬಿನಲ್ಲಿದೆ. ಅರ್ಧ ತಾಸಿನಿಂದ ತೆಗೆದಿಲ್ಲ. ಹುಡುಗಿಯರು ಅವನಿಂದ ದೂರ ಸುತ್ತಿ ಹೋಗುತ್ತಿದ್ದಾರೆ.

ವಾಚ್‌ಮನ್ ಬಂದು ಕೇಳಿದ, “ಯಾರೋ ಕೂತಾರ್ರಿ ಮೇಡಂ. ನಿಮ್ಮನ್ನ ಕೇಳಾಕತ್ತಾರ. ವಾಪಸ್ ಕಳಿಸ್ಲೇನ್ರಿ ಅವರ್ನ?”

ಬೇಡ ಎಂದೆ. ಒಳಗೇ ಇರು ಎಂದಳು ಜೊಹರಾ. ಅವಳು ಬರಲು ಇನ್ನೂ ಅರ್ಧ ತಾಸು. ಅಂದು ತಂಗಿ ಕಾದಳು, ಈ ಸಲ ಅಣ್ಣ ಕಾಯಬೇಕೇ.

ಈಗ ಎದ್ದು ನಿಂತ. ಈ ಕಿಟಕಿಯನ್ನೇ ನೋಡುತ್ತಿದ್ದಾನೆ. ಮೊದಲ ಸಲ ನನ್ನ ಮುಖ ನೋಡುತ್ತಿದ್ದಾನೆ. ಹೋಗುತ್ತೇನೆ. ಪೆನ್ನು ಇಟ್ಟು ಹೋಗಿ, ಜೇಬಿನಲ್ಲಿ ಏನೇ ಇರಲಿ, ಮೊದಲು ಅವನ ಮಾತು ಕೇಳುತ್ತೇನೆ.