ಹೊಂಬಾಳಿಯ ಜೊತೆ ಕಠ್ಮಂಡುವಿನಲ್ಲಿ

ಕಠ್ಮಂಡು
9-11-1983, ಬುಧವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ಲಕ್ಷ್ಮೀದೇವಮ್ಮನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ನಾನಿಲ್ಲವೆಂದು ಸೀಸೆಯನ್ನು ಗೂಡಿನಲ್ಲಿಟ್ಟು ಸುಮ್ಮನಿದ್ದೀರೋ? ನಿಮ್ಮ ತಂಗಿ ಕೊತ್ತಗೆರೆಯಿಂದ ಬಂದಿರಬೇಕು. ಅವಳ ಕೈಯ ಸಾರು ನಿಮಗೆ ಖಾರವಾಗುತ್ತದೆ, ಗೊತ್ತು. ಆದರೂ ಮುಖ ಸಿಂಡರಿಸಬೇಡಿ. ಪಾಪ, ಕಾಯಿ ಕೀಳಿಸುವ ಕಾಲದಲ್ಲಿ ಮನೆ ಬಿಟ್ಟು ಬಂದವಳು. ನಾನು ದೇಹದಲ್ಲಿ ಆರೋಗ್ಯವಾಗಿದ್ದೇನೆ. ದೇವರಾಯನದುರ್ಗದಲ್ಲಿ ಮಾಗಿಯ ಬೆಳಿಗ್ಗೆ ನಡುಗಿದ್ದೆವಲ್ಲ, ಇಲ್ಲಿನ ಚಳಿಯ ಮುಂದೆ ಅದು ಏನೇನೂ ಅಲ್ಲ. ನೀವು ಜಗಳವಾಡಿ ತುರುಕಿದ ಮಫ್ಲರ್ ಕಿವಿಯಿಂದ ಇಳಿದೇ ಇಲ್ಲ.

ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಗಡಿಯಲ್ಲಿ ಒಂದು ಕಮಾನು ದಾಟಿದರೆ ಬೇರೆ ದೇಶ! ಇಷ್ಟು ವರ್ಷ ಶಾಲೆಯಲ್ಲಿ ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ತೋರಿಸಿದ ನೇಪಾಳಕ್ಕೆ ನಾನೇ ಬಂದೆನಲ್ಲ ಎಂದು ಮೈ ಜುಮ್ಮೆಂದಿತು. ಹೊಂಬಾಳಿ ಮಾತ್ರ ಕಿಟಕಿಯಿಂದ ಹೊರಗೆ ನೋಡಿ, ‘ಕುಣಿಗಲ್ ಬಂತೇನೇ?’ ಎಂದಳು. ಅವಳ ತಮಾಷೆ ನಿಮಗೆ ಗೊತ್ತಲ್ಲ, ನಾವಿಬ್ಬರೂ ಲಂಗ ಉಟ್ಟು ಒಟ್ಟಿಗೆ ಆಡುತ್ತಿದ್ದ ಕಾಲದಿಂದಲೂ ಅವಳು ಹಾಗೆಯೇ. ನಾನು ನಕ್ಕೆ. ಬಸ್ಸಿನಲ್ಲಿದ್ದವರೂ ನಕ್ಕರು. ಅವಳು ನಗಲಿಲ್ಲ. ಇಲ್ಲಿಗೆ ಬಂದ ಮರುದಿನ ನಾನು ಮುಖ ತೊಳೆದು ಬರುವಷ್ಟರಲ್ಲಿ ಹೋಟೆಲಿನ ರಜಾಯಿಯನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ನಡಿಯೇ, ಹೊತ್ತಾಯ್ತು, ಹಸ ಕರೀಬೇಕು’ ಎಂದಳು. ಇದು ತಮಾಷೆಯಲ್ಲವೆಂದು ಆಗ ತಿಳಿಯಿತು. ನಾನು ತುಮಕೂರಿನ ಮರಳೂರಿನಲ್ಲಿ, ಅವಳು ಗುಬ್ಬಿಯಲ್ಲಿ. ಮದುವೆ ಮುಂಜಿಗಳಲ್ಲಿ ಅರ್ಧ ದಿನ ಸಿಕ್ಕಿ ನಕ್ಕು ಹೋಗುವವರಿಗೆ ಒಬ್ಬರ ಒಳಗು ಇನ್ನೊಬ್ಬರಿಗೆ ಎಷ್ಟು ತಿಳಿದೀತು ಹೇಳಿ.

ನಿನ್ನೆ ಪಶುಪತಿನಾಥನ ದರ್ಶನವಾಯಿತು. ಪೂಜೆಯ ಭಟ್ಟರು ನಮ್ಮ ಕನ್ನಡದವರೇ ಎಂದು ತಿಳಿದು ನಮ್ಮ ಟೂರಿನವರೆಲ್ಲ ಅವರನ್ನು ಮುತ್ತಿಕೊಂಡೆವು. ಅವರ ಊರು ಕೇಳಿ, ನಮ್ಮ ಊರು ಹೇಳಿ ತಿರುಗುವಷ್ಟರಲ್ಲಿ ಪಕ್ಕದಲ್ಲಿ ಹೊಂಬಾಳಿ ಇಲ್ಲ. ಭಾಷೆ ಬಾರದ ಊರಿನಲ್ಲಿ ಯಾರನ್ನು ಏನೆಂದು ಕೇಳಲಿ? ನನ್ನ ಸೀರೆಯನ್ನೇ ಹಿಡಿದು ತೋರಿಸಿ, ‘ಹಿಂಗೇ ಸೀರೆ ಕಣಪ್ಪಾ, ಹಿಂಗೇ’ ಎಂದು ಸಿಕ್ಕಸಿಕ್ಕವರ ಮುಂದೆ ಕನ್ನಡದಲ್ಲೇ ಗೋಗರೆದೆ. ದೇವಸ್ಥಾನದ ಹಿಂದೆ ಹೊಳೆ, ಹೊಳೆಯ ದಡದಲ್ಲೇ ಸುಡುವ ಕಟ್ಟೆಗಳು. ಯಾರದೋ ಚಿತೆ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ಆ ಮನೆಯ ಹೆಂಗಸರು ಕುಳಿತಿದ್ದರು. ಅವರ ನಡುವೆ ನಮ್ಮ ಹೊಂಬಾಳಿ, ತಲೆತುಂಬ ಸೆರಗು ಹೊದ್ದು, ನಮ್ಮ ಸೀಮೆಯ ರಾಗದಲ್ಲಿ ಹಾಡಿ ಹಾಡಿ ಅಳುತ್ತಿದ್ದಳು! ಒಬ್ಬ ನೇಪಾಳಿ ಮುದುಕಿ, ಇವಳು ಯಾರು ಎತ್ತ ಎಂದು ಕೇಳದೆ, ಬೆನ್ನು ಸವರುತ್ತಿದ್ದಳು. ನನ್ನನ್ನು ಕಂಡವಳೇ ಕೈ ಚಾಚಿ, ‘ಈಗ ಬಂದ್ಯೇನೇ ಲಕ್ಷ್ಮೀ? ಎಲ್ಲಾ ಮುಗೀತು ಕಣೇ. ನಮ್ಮೋರು ಹೋಗ್ಬುಟ್ರು’ ಎಂದಳು. ಅವಳ ಯಜಮಾನರು ದೊಡ್ಡರಂಗಯ್ಯನವರು ತೀರಿಕೊಂಡು ಆರು ವರ್ಷವಾಯಿತು, ನೀವೇ ಹೆಗಲು ಕೊಟ್ಟಿದ್ದಿರಿ. ಅದು ಎಂದೋ ಆಗಿಹೋಯಿತು ಎಂದರೆ ಅವಳ ದುಃಖ ಇಳಿಯುತ್ತದೋ ಏರುತ್ತದೋ? ಅವಳ ಪಕ್ಕ ಕುಳಿತುಬಿಟ್ಟೆ. ಸ್ವಲ್ಪ ಹೊತ್ತಿಗೆ ನಾನೂ ಅಳುತ್ತಿದ್ದೆ.

ಟೂರಿನ ಮ್ಯಾನೇಜರ್ ಪರಮಶಿವಯ್ಯನವರು ಒಳ್ಳೆಯವರು. ಟೆಲಿಫೋನ್ ಆಫೀಸಿಗೆ ಕರೆದುಕೊಂಡು ಹೋಗಿ, ಅವಳ ಮಗ ರಾಮಾಂಜಿನಯ್ಯನ ಅಂಗಡಿಗೆ ಟ್ರಂಕ್ ಕಾಲ್ ಮಾಡಿಸಿದರು. ‘ಒಂದ್ ವರ್ಷದಿಂದ ಹಿಂಗೇ ಚಿಕ್ಕಮ್ಮಾ. ಬೆಂಗ್ಳೂರಲ್ಲೂ ತೋರ್ಸಿದ್ವಿ. ಏನೂ ಮಾಡಕ್ಕಾಗಲ್ಲ ಅಂದ್ರು’ ಎಂದ. ‘ನಂಗ್ಯಾಕ್ಲಾ ಮೊದ್ಲೇ ಹೇಳ್ಲಿಲ್ಲ?’ ಎಂದು ಕಿರುಚಿದೆ. ‘ಹೇಳಿದ್ರೆ ನೀವ್ ಕರ್ಕೊಂಡ್ ಹೋಗ್ತಿರ್ಲಿಲ್ಲ. ನಿಮ್ ಜೊತೆ ನಾಕ್ ದಿನ ಇದ್ರೆ, ದೇವ್ರ ಕಂಡ್ರೆ, ಸರಿಹೋಗ್ಬೋದೇನೋ ಅಂತ...’ ಅಷ್ಟಕ್ಕೆ ಲೈನ್ ಹೋಯಿತು. ಬೈಯಬೇಕೆಂದೇ ಹೋದವಳು ನಾನು. ಅವನು ಅಳುತ್ತಿದ್ದನೋ, ತಂತಿಯ ಸದ್ದೋ, ಈಗಲೂ ತಿಳಿಯದು.

ನಮ್ಮ ಗುಂಪಿನವರು ಎದುರಿಗೆ ಏನೂ ಅನ್ನುವುದಿಲ್ಲ. ಆದರೆ ಊಟಕ್ಕೆ ಕುಳಿತಾಗ ಅವಳ ಪಕ್ಕದ ಜಾಗ ಖಾಲಿಯೇ ಉಳಿಯುತ್ತದೆ. ನಾನು ಮಲಗುವಾಗ ಅವಳ ಸೆರಗಿಗೂ ನನ್ನ ಸೆರಗಿಗೂ ಗಂಟು ಹಾಕಿಕೊಳ್ಳುತ್ತೇನೆ. ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿಟ್ಟು ಮಾತಾಡುತ್ತಲೇ ನೀರು ಹೊಯ್ದುಕೊಳ್ಳುತ್ತೇನೆ. ಇವತ್ತು ತಿಂಡಿಯ ಹೊತ್ತಿಗೆ ಒಂದು ಗಳಿಗೆ ಮೊದಲಿನ ಹೊಂಬಾಳಿಯೇ ಆಗಿದ್ದಳು. ನನ್ನ ಕೈ ಹಿಡಿದು, ‘ನನ್ ತಲೆ ಸರಿಯಿಲ್ಲ ಕಣೇ. ನಂಗೇ ಗೊತ್ತಾಯ್ತದೆ. ಇಲ್ಲಿ ಬುಟ್ಟು ಹೋಗ್ಬೇಡ’ ಎಂದಳು. ಅವಳು ಏನೂ ತಿಳಿಯದೆ ಇದ್ದಾಗ ಹೇಗೋ ತಡೆದುಕೊಂಡಿದ್ದೆ. ತಿಳಿದು ಹೇಳಿದ ಆ ಮಾತು ಮಾತ್ರ ತಡೆಯಲಾಗಲಿಲ್ಲ. ನೀವು ಪಕ್ಕದಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ದಿನವೆಲ್ಲ ಯೋಚಿಸಿದೆ.

ನಿಮ್ಮ ತಂಗಿಗೆ ನನ್ನ ಆಶೀರ್ವಾದ. ಮರಳೂರಿನ ನಮ್ಮ ಬೀದಿಯವರನ್ನೆಲ್ಲ ಕೇಳಿದೆನೆಂದು ತಿಳಿಸಿ. ಆರೋಗ್ಯ ನೋಡಿಕೊಳ್ಳಿ.

ಇಂತಿ ನಿಮ್ಮ
ಲಕ್ಷ್ಮೀದೇವಮ್ಮ

ವಿ.ಸೂ.: ಬೆಂಗಳೂರಿನವರೊಬ್ಬರು ವಿಮಾನಕ್ಕೆ ಹೊರಟು ಕೆಳಗೆ ಕಾಯುತ್ತಿದ್ದಾರೆ. ಕಾಗದವನ್ನು ಅವರ ಕೈಯಲ್ಲಿ ಕೊಡುತ್ತಿದ್ದೇನೆ. ನಾನು ಬರೆಯುವುದನ್ನು ನೋಡಿ ಹೊಂಬಾಳಿ, ‘ನಮ್ಮೋರಿಗೂ ನಾಕಕ್ಷರ ಬರಿಯೇ, ಚೆನ್ನಾಗಿದೀನಿ ಅಂತ’ ಎಂದಳು. ಬೇರೆ ಹಾಳೆಯಲ್ಲಿ ಬರೆದೆ. ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿ ಕೊಟ್ಟಳು. ಇದರ ಜೊತೆಗೇ ಇಟ್ಟಿದ್ದೇನೆ, ಏನು ಮಾಡಬೇಕೋ ನೀವೇ ನೋಡಿ. ನಾವಿಬ್ಬರೂ ನಾಳೆ ಗುಂಪು ಬಿಟ್ಟು ವಾಪಸ್ಸು ಹೊರಡುತ್ತೇವೆ. ನನಗೆ ಪೋಖರಾವೂ ಬೇಡ, ಕಾಶಿಯೂ ಬೇಡ. ಅವಳನ್ನು ಗುಬ್ಬಿಗೆ ಬಿಡದೆ ನೇರ ನಮ್ಮ ಮನೆಗೇ ಕರೆತರುತ್ತಿದ್ದೇನೆ. ಎಷ್ಟು ದಿನಕ್ಕೆ ಎಂದು ಕೇಳಬೇಡಿ. ಹಿತ್ತಲ ಕಡೆಯ ಕೋಣೆ ಖಾಲಿ ಮಾಡಿಸಿ, ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಹಾಕಿಸಿ. ಬೇಡ ಅನ್ನಬೇಡಿ. ಅನ್ನಲೇಬೇಕು ಎನಿಸಿದರೆ ಅವಳ ಮುಖ ನೋಡಿದ ಮೇಲೆ ಅನ್ನಿ.