ಕ್ಯಾಪ್ಟನ್ ಹಾರ್ಕರನ ಗಡ್ಡ

ಆಶ್‌ಲ್ಯಾಂಡ್, ಸುಪೀರಿಯರ್ ಸರೋವರದ ದಂಡೆ
1911ರ ಮೇ 22

ಮಗಳೇ ಥಿರ್ಜಾ,

ಪೆನ್ನು ಹಿಡಿಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಹಡಗು ಹತ್ತಿದವನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಏನೆನ್ನಲಿ? ಕೆಮ್ಮು ಹೋಯಿತೇ? ನ್ಯೂಯಾರ್ಕಿನ ಆ ಕೋಣೆಗೆ ಕಿಟಕಿಯಾದರೂ ಇದೆಯೇ? ನನ್ನ ಮೊಣಕಾಲು ಹಾಗೇ ಇದೆ. ನಿನ್ನ ಹೆಪ್ಸಿ ಅತ್ತೆ ಗಟ್ಟಿಯಾಗಿದ್ದಾಳೆ, ನನ್ನನ್ನು ಬೈಯುವಷ್ಟು.

ನಿನ್ನ ದೇವರ ಹಾಡು, ಮಕ್ಕಳ ಪದ್ಯ, ನಾಟಕ, ಹೆಂಗಸರ ಪತ್ರಿಕೆಗೆ ಬರೆಯುವ ಅಡುಗೆ, ಎಲ್ಲವನ್ನೂ ಅವಳು ಕತ್ತರಿಸಿ ಇಟ್ಟಿದ್ದಾಳೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಕಡಲಿನ ಕಥೆಗಳದು. ಹೆಂಗಸು ಬರೆದ ಕಡಲ ಕಥೆ ಬೇಡವೆಂದು ಸಂಪಾದಕ ಅಂದದ್ದಕ್ಕೆ ನೀನು ಕ್ಯಾಪ್ಟನ್ ಹಾರ್ಕರ್ ಎಂದು ರುಜು ಹಾಕಿ, ನನ್ನ ಗಡ್ಡದ ಪಟವನ್ನು ಈ ಮನೆಯ ವಿಳಾಸದೊಂದಿಗೆ ಅಚ್ಚಿಗೆ ಕಳಿಸಿದೆ. ಪಟ ತಾನೆ, ಹೋಗಲಿ ಎಂದೆ. ಯಾರಿಗೂ ಹೇಳುವುದಿಲ್ಲವೆಂದು ಮಾತನ್ನೂ ಕೊಟ್ಟೆ. ಕಡುಬಿಗೆ ನಿನ್ನ ಹೆಸರು, ಕಡಲಿಗೆ ನನ್ನ ಮುಖ!

ಈಗ ನೋಡು. ಹೋದ ಸಂಚಿಕೆಯಲ್ಲಿ ನಿನ್ನ ನಾವಿಕ ಪೆಸಿಫಿಕ್ಕಿನ ನಡುವೆ ಬಾಯಾರಿ, ಹಡಗಿನಿಂದ ಬಕೆಟ್ ಇಳಿಬಿಟ್ಟು ನೀರು ಸೇದಿ, ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಾನೆ. ಎಲೇ ಹುಡುಗಿ, ಹಾಗೆ ಕುಡಿಯುವುದು ನಾವು, ನಮ್ಮ ಸಿಹಿನೀರಿನ ಸರೋವರದಲ್ಲಿ. ಕಡಲಿನದು ಉಪ್ಪುನೀರು! ಊರಿಗೆ ಊರೇ ನಗುತ್ತಿದೆ. ಕ್ಷೌರದ ನೀಲ್ಸ್ ಅಂಗಡಿಯಿಂದಲೇ ಕೂಗುತ್ತಾನೆ: "ಬಾರೋ ಕ್ಯಾಪ್ಟನ್ನು, ಒಂದ್ ಬಕೆಟ್ ಸಮುದ್ರ ತರಿಸಿಟ್ಟಿದ್ದೀನಿ. ಉಪ್ಪು ಸಾಕಾ ನೋಡು!" ಬರೆದವಳು ನನ್ನ ಮಗಳು ಎನ್ನುವಂತಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಬೀದಿಗಿಳಿಯುವುದನ್ನೇ ಬಿಟ್ಟಿದ್ದೇನೆ. ಗಡ್ಡ ಕರಡಿಯಂತೆ ಬೆಳೆದಿದೆ. "ಮನೇಲೇ ಕೂತು ನನ್ ತಲೆ ತಿನ್ಬೇಡ, ಅವಳಿಗೆ ಬರಿ," ಎಂದು ಹೆಪ್ಸಿ ಕಾಗದ ತಂದು ಮುಂದೆ ಬಡಿದಳು.

ಆದರೂ ಒಂದು ಮಾತು. ಅದೇ ಕಥೆಯ ಬಿರುಗಾಳಿಯನ್ನು ಎರಡು ಸಲ ಓದಿದೆ; ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ. ಅದು ನಾನು ಸಿಕ್ಕಿಕೊಂಡಿದ್ದ ಬಿರುಗಾಳಿ. ನೀನಾಗ ದಂಡೆಯಲ್ಲಿ ಲಾಂದ್ರ ಹಿಡಿದು ನಿಂತ ಪುಟ್ಟ ಹುಡುಗಿ. ಅದನ್ನು ನಾನು ಬರೆದೆನೆಂದು ಊರು ಹೊಗಳಿದರೆ, ನೀಲ್ಸನ ನಗೆಗಿಂತ ಹೆಚ್ಚು ಉರಿಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಎದೆ ಬೆಚ್ಚಗಿಡಲಿ.

ನಿನ್ನ ಅಪ್ಪ,
ಅಸಾಹೆಲ್ ಪ್ರಾಥರ್
(ಕ್ಯಾಪ್ಟನ್ ಅಲ್ಲ, ಚುಕ್ಕಾಣಿ ಹಿಡಿದವನು ಅಷ್ಟೆ)

ಮರೆತೆ: ಜೂನ್ ಹತ್ತಕ್ಕೆ ನಿನ್ನ ಸಂಪಾದಕ ರೈಲು ಹತ್ತಿ ಇಲ್ಲಿಗೇ ಬರುತ್ತಾನಂತೆ, ಕ್ಯಾಪ್ಟನ್ನನ ಕೈ ಕುಲುಕಿ ಇನ್ನೂ ಒಂದು ವರ್ಷದ ಕಥೆಗೆ ಒಪ್ಪಿಸಲು; ಅವನ ಕಾಗದ ಬಂದಿದೆ. ನಿಜ ಹೇಳಿದರೆ ಆ ಪತ್ರಿಕೆ ನಿನ್ನನ್ನು ಕೈಬಿಟ್ಟೀತು. ಹೇಳದಿದ್ದರೆ ನೀನು ಕಡೆಯವರೆಗೂ ನನ್ನ ಗಡ್ಡದೊಳಗೇ ಅಡಗಿರಬೇಕು. ನಿಜ ಹೇಳಲು ನೀನು ಹೂಂ ಎಂದರೆ ನೀಲ್ಸನ ಬಳಿ ಹೋಗಿ ಗಡ್ಡ ಬೋಳಿಸಿಕೊಂಡು ಬಂದು, ನಾನೇ ಬಾಗಿಲು ತೆರೆಯುತ್ತೇನೆ. ಬೇಡವೆಂದರೆ ಬಾಯಿ ಮುಚ್ಚಿಕೊಂಡು ಅವನ ಕೈ ಕುಲುಕುತ್ತೇನೆ. ಜೂನ್ ಏಳರೊಳಗೆ ಉತ್ತರ ಬರಬೇಕು.